ಗೋಕಾಕಕ್ಕೊಂದು ಪ್ರಾಸ

ನಮ್ಮ ಮಾಮಾ ಹೆದರದೇ ಇದ್ದ ವಸ್ತು ಇಡೀ ಗೋಕಾಕದಲ್ಲಿ ಒಂದೇ ಒಂದಿತ್ತು. ಅದು ಇಂಗ್ಲಿಷ್ ಭಾಷೆ. ಊರವರೆಲ್ಲ ಇಂಗ್ಲಿಷಿಗೆ ಹೆದರುತ್ತಿದ್ದರು, ಮಾಮಾ ಉಳಿದದ್ದಕ್ಕೆಲ್ಲ ಹೆದರುತ್ತಿದ್ದರು. ಕಪ್ಪೆಗೆ ಹೆದರುತ್ತಿದ್ದರು, ಗುಡುಗಿಗೆ ಹೆದರುತ್ತಿದ್ದರು. ಟಪಾಲಿನವನು ಓಣಿಗೆ ಬಂದರೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದರು. ಕ್ಷೌರಕ್ಕೆ ಕೂತಾಗ ಕತ್ತಿ ಕೊರಳ ಹತ್ತಿರ ಬಂತೆಂದರೆ ಕ್ಷೌರಿಕನ ಹೆಂಡತಿ ಮಕ್ಕಳ ಯೋಗಕ್ಷೇಮ ವಿಚಾರಿಸಲು ಶುರುಮಾಡುತ್ತಿದ್ದರು. ಯಾಕೆ ಗೊತ್ತೆ? ಅವನ ಮನಸ್ಸು ಮೆತ್ತಗಿರಲಿ ಎಂದು.

ನಾನು ಮಸಗುಪ್ಪಿಯವಳು. ನಮ್ಮೂರ ಸಾಲಿ ಮುಗಿದ ಮೇಲೆ ಮುಂದೆ ಓದಲಿಕ್ಕೆಂದು ಅವ್ವ ನನ್ನನ್ನು ತನ್ನ ತಮ್ಮನ ಮನೆಯಲ್ಲಿ ತಂದುಬಿಟ್ಟಿದ್ದಳು. ಮಾಮಾ ಗೋಕಾಕದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಮನೆಯಲ್ಲಿ ಅವರು, ಅವರ ಹೆಂಡತಿ ಅಂದರೆ ನಮ್ಮ ಅತ್ತಿ, ಮತ್ತು ನಾನು, ಮೂವರೇ.

ಮಾಮಾಗೆ ಒಂದು ಹುಚ್ಚಿತ್ತು. ಯಾವ ಶಬ್ದ ಸಿಕ್ಕರೂ ಅದಕ್ಕೆ ಇಂಗ್ಲಿಷಿನಲ್ಲಿ ಪ್ರಾಸ ಹುಡುಕಬೇಕು. ಪಠ್ಯಪುಸ್ತಕದ ಶಬ್ದಗಳೆಲ್ಲ ಮುಗಿದ ಮೇಲೆ ನಮ್ಮ ಊರುಗಳ ಹೆಸರಿಗೆ ಕೈಹಚ್ಚಿದರು. ಮೂಡಲಗಿಗೆ ಪ್ರಾಸ ಸಿಕ್ಕಿದ್ದು ಅಲ್ಲಿನ ಡಾಕ್ಟರರ ಔಷಧದ ಬಾಟಲಿಯ ಮೇಲೆ: ನ್ಯೂರಾಲ್ಜಿ, ಅಂದರೆ ನರದ ನೋವು.

"ಮಾಸ್ತರ, ಅದು ಜಿ ರೀ, ಗಿ ಅಲ್ಲ," ಅಂದರು ಡಾಕ್ಟರು.

"ಇಂಗ್ಲಿಷಿನ್ಯಾಗ ಬರಿಯೂ ಮುಂದ ಎರಡಕ್ಕೂ ಅಕ್ಷರ ಒಂದ ಅಲ್ರಿ?" ಅಂದರು ಮಾಮಾ. ಹಲ್ಲುನೋವೆಂದು ಹೋದವರು ಆ ಸಂತೋಷದಲ್ಲಿ ಹಲ್ಲು ತೋರಿಸದೆಯೇ ತಿರುಗಿ ಬಂದರು. ಇಕ್ಕಳಕ್ಕೆ ಹೆದರಿ ಬಂದರೆಂದು ಅತ್ತಿಯ ಅಭಿಪ್ರಾಯ.

ಅತ್ತಿಯ ತವರು ಹುಕ್ಕೇರಿ. ಅಲ್ಲಿ ಊಟಕ್ಕೆ ಕೂತಾಗ ಮಾಮಾ, "ನಿಮ್ಮ ಊರಿಗೆ ಭಾಳ ಚಲೋ ಪ್ರಾಸ ಸಿಕ್ಕೈತ್ರಿ. ಹುಕ್ಕೇರಿ, ಮಾಕರಿ," ಅಂದರು. ಅವರ ಮಾವ ಸಂತೋಷದಿಂದ, "ಮಾಕರಿ ಅಂದ್ರ ಏನ್ರಿ ಅಳಿಯಂದಿರ?" ಎಂದು ಕೇಳಿದರು. ಮಾಮಾಗೆ ಸುಳ್ಳು ಹೇಳಲೂ ಹೆದರಿಕೆ. "ಚ್ಯಾಷ್ಟಿ ಮಾಡೂದ್ರಿ," ಅಂದರು. ಎರಡನೆಯ ಹೋಳಿಗೆ ಅವರ ಎಲೆಯ ತನಕ ಬರಲೇ ಇಲ್ಲ.

ಆ ಊಟದ ಮರುವರ್ಷ ಅತ್ತಿಯ ತಮ್ಮ ಬಾವುಟ ಹಿಡಿದು ಮೆರವಣಿಗೆಯಲ್ಲಿ ಹೋಗಿ ಜೈಲು ಸೇರಿದ. ಮಾಮಾ ಅವನು ಹಿಂದೆ ಬರೆದ ಕಾಗದಗಳನ್ನೆಲ್ಲ ಒಲೆಗೆ ಹಾಕಿದರು. ಜೈಲಿನಿಂದ ಬಂದ ಕಾಗದಕ್ಕೆ ಉತ್ತರ ಬರೆಯಲಿಲ್ಲ. ಅತ್ತಿಗಂತೂ ಬರೆಯಲು ಬರುತ್ತಿರಲಿಲ್ಲ. ಎರಡು ದಿನ ಅವಳು ರೊಟ್ಟಿ ಬಡಿಯುವ ಸಪ್ಪಳ ಸ್ವಲ್ಪ ಜೋರಾಗಿತ್ತು.

ಇಂಥ ಮಾಮಾರನ್ನು ಒಂದು ದಿನ ಮಾಮಲೇದಾರರು ಕಚೇರಿಗೆ ಕರೆಸಿದರು. ತಾಲೂಕಿಗೇ ದೊಡ್ಡ ಅಧಿಕಾರಿ ಅವರು. ಬಿಳಿಯ ಕಲೆಕ್ಟರ್ ಸಾಹೇಬರು ಮೊದಲ ಸಲ ಊರಿಗೆ ಬರುತ್ತಾರೆ, ಸ್ವಾಗತಕ್ಕೆ ಇಂಗ್ಲಿಷಿನಲ್ಲಿ ಒಂದು ಪದ್ಯ ಬೇಕು, ಕೊನೆಯ ಸಾಲು ಗೋಕಾಕ ಎಂದೇ ಮುಗಿಯಬೇಕು ಎಂದರು. ಮಾಮಾ "ಆಗೂದಿಲ್ರಿ" ಎನ್ನಲು ಬಾಯಿ ತೆರೆದರು. "ಆಗ..." ಎನ್ನುವಷ್ಟರಲ್ಲಿ ಮಾಮಲೇದಾರರು ತಲೆಯೆತ್ತಿ ನೋಡಿದರು, ಉಳಿದದ್ದನ್ನು ಮಾಮಾ ನುಂಗಿಕೊಂಡರು.

"ಆಗಲಿ ಅಂದ್ರಲ್ಲ, ಸಾಕ. ಹೋಗ್ರಿ," ಅಂದರು ಮಾಮಲೇದಾರರು.

ಅಂದಿನಿಂದ ಮನೆಯಲ್ಲಿ ಬೇರೆ ಮಾತಿಲ್ಲ. ಚಾಕ್, ಟಾಕ್, ವಾಕ್ ಎಲ್ಲ ಬಂದು ಹೋದವು. ಮಾಮಾ ಒಪ್ಪಲಿಲ್ಲ. "ಕಾಕ್‌ಗೆ ಜೋಡಿ ಸಿಕ್ತು, ಆ ಗೋ ಏನ ಪಾಪ ಮಾಡೇತಿ? ಎರಡೂ ಕೂಡಬೇಕು," ಅನ್ನುವರು. ಎಂಟನೆಯ ದಿನ ಬಚ್ಚಲಲ್ಲಿ ಚೀರಿದ ಸದ್ದಾಯಿತು. ಕಪ್ಪೆ ಬಂದಿರಬೇಕೆಂದು ನಾನೂ ಅತ್ತಿಯೂ ಓಡಿದೆವು. ಮಾಮಾ ಪಂಜೆ ಸುತ್ತಿಕೊಂಡು, ತಲೆಯ ಮೇಲಿನ ಸೀಗೆಪುಡಿಯ ಸಮೇತ ಹೊರಗೆ ಬಂದು ಎರಡು ಸಾಲು ಹೇಳಿದರು:

"ವೆನ್ ಹೋಮ್ ಟು ಇಂಗ್ಲಂಡ್ ಯು ಗೋ ಬ್ಯಾಕ್,
ರಿಮೆಂಬರ್, ಸಾಹಿಬ್, ಅವರ್ ಗೋಕಾಕ್."

ನಿಮ್ಮ ದೇಶಕ್ಕೆ ಮರಳಿದ ಮೇಲೂ ನಮ್ಮ ಊರನ್ನು ನೆನೆಯಿರಿ ಎಂಬ ಸಾಧು ಆಶಯ. ಅತ್ತಿ ರೊಟ್ಟಿ ಬಡಿಯುವ ತಾಳಕ್ಕೆ ಸರಿಯಾಗಿ ಮಾಮಾ "ಗೋಕಾಕ್, ಗೋ ಬ್ಯಾಕ್" ಎನ್ನುತ್ತ ಅಂಗಳದಲ್ಲಿ ತಿರುಗಿದರು. ಪದ್ಯ ಮಾಮಲೇದಾರರ ಕಚೇರಿಗೆ ಹೋಯಿತು. ಅಲ್ಲಿ ಅದನ್ನು ಯಾರೂ ಬಿಚ್ಚಿ ಓದಲಿಲ್ಲ ಎಂಬುದು ನಮ್ಮ ಪುಣ್ಯ.

ಮೂರು ದಿನ ಕಳೆದ ಮೇಲೆ ಸಾಲಿಯಲ್ಲಿ ಇನ್ನೊಬ್ಬ ಮಾಸ್ತರರು ವರ್ತಮಾನಪತ್ರಿಕೆ ಓದುತ್ತ, "ನೋಡ್ರಿ, ದೊಡ್ಡ ದೊಡ್ಡ ಊರಾಗೆಲ್ಲ ಮಂದಿ ಕರಿ ಬಾವುಟ ಹಿಡದು, ಬಿಳಿಯರಿಗೆ ಗೋ ಬ್ಯಾಕ್ ಅಂತ ಒದರಾಕತ್ತಾರಂತ. ಹಿಡದ ಹಿಡದ ಒಳಗ ಹಾಕಾಕತ್ತಾರ," ಅಂದರು.

ಮಾಮಾ ಮನೆಗೆ ಬಂದವರು ಕೋಟು ಬಿಚ್ಚದೆ ಮಲಗಿದರು. ಮರುದಿನ ಪದ್ಯ ತಿರುಗಿ ಇಸಿದುಕೊಳ್ಳಲು ಕಚೇರಿಗೆ ಹೋದರು. ಬಾಗಿಲ ಪೊಲೀಸನು "ಏನ ಬೇಕ್ರಿ?" ಎಂದ ಕೂಡಲೇ "ಟೈಮ್ ಎಷ್ಟ್ರಿ?" ಎಂದು ಕೇಳಿ ತಿರುಗಿ ಬಂದರು. ಆ ಎರಡು ಶಬ್ದ ಮನೆಯಲ್ಲಿ ಯಾರೂ ಆಡಕೂಡದೆಂದರು. "ಯಾಕ್ರಿ, ಅದರ ಅರ್ಥ ಏನ್ರಿ?" ಎಂದು ಅತ್ತಿ ಕೇಳಿದರೆ "ನಿನಗ ಬ್ಯಾಡ" ಎಂದರು. ಪ್ರಾಸದ ನೆನಪಾದೀತೆಂದು ಊರಿನ ಹೆಸರನ್ನೂ ಬಿಟ್ಟರು. ಬಸ್ಸಿನವನು ಎಲ್ಲಿಗೆ ಎಂದರೆ "ಕೊಣ್ಣೂರ ಬಾಜೂದ ದೊಡ್ಡ ಊರಿಗೆ" ಎನ್ನತೊಡಗಿದರು. ಕೊನೆಗೆ ಬ್ಯಾಕ್ ತೆಗೆದು ವಾಕ್ ಹಾಕಿ, ಹೊಸ ಹಾಳೆಯಲ್ಲಿ ಬರೆದು, ಅದನ್ನೇ ಓದಿಬಿಡುವುದೆಂದು ನಿಶ್ಚಯಿಸಿದರು.

ಸಾಹೇಬರು ಬೆಳಿಗ್ಗೆ ಹತ್ತಕ್ಕೆ ಬಂದರು. ಹೈಸ್ಕೂಲಿನ ಬಯಲಲ್ಲಿ ಹಂದರ, ಹಂದರದಲ್ಲಿ ಒಂದು ಕಟ್ಟೆ, ಕಟ್ಟೆಯ ಮೇಲೆ ಹಾಳೆ ಹಿಡಿದ ಮಾಮಾ. ಮಾಸ್ತರರ ಹೆಂಡಂದಿರು ಆರತಿ ಎತ್ತಬೇಕೆಂದು ಅಪ್ಪಣೆಯಾಗಿತ್ತು. ಸಾಲಿನಲ್ಲಿ ಮೊದಲನೆಯವಳು ನಮ್ಮ ಅತ್ತಿ. ಅವಳ ಸೆರಗು ಹಿಡಿದು ನಾನು. ಸಾಹೇಬರು ಮೋಟಾರು ಇಳಿದು ಮುಂದೆ ಬಂದು ನಿಂತರು. ಅತ್ತಿ ಆರತಿಯನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಸ್ಪಷ್ಟವಾಗಿ, "ಗೋ ಬ್ಯಾಕ್," ಅಂದಳು. ಎರಡನೆಯ ಸುತ್ತು. "ಗೋ ಬ್ಯಾಕ್."

ಮೂರನೆಯ ಸುತ್ತಿಗೆ ಪೊಲೀಸ್ ಫೌಜದಾರ ತಾಟನ್ನೇ ಕಿತ್ತುಕೊಂಡ. "ಈಕಿಗೆ ಯಾರ ಕಲಿಸಿದ್ರು ಇದನ್ನ?"

ಮಾಮಾ ಸುಮ್ಮನಿದ್ದಿದ್ದರೆ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಕೈಯಲ್ಲಿದ್ದ ಹಾಳೆಯಲ್ಲಿ ಆ ಶಬ್ದವೇ ಇರಲಿಲ್ಲ. ಅವರು ಕಟ್ಟೆ ಇಳಿದರು. ಒಂದು ಚಪ್ಪಲಿ ಮೆಟ್ಟಿಲ ಮೇಲೇ ಉಳಿಯಿತು. ಬಂದು ಅತ್ತಿಗೂ ಫೌಜದಾರನಿಗೂ ನಡುವೆ ನಿಂತರು.

"ನಾ ಕಲಿಸೇನ್ರಿ. ಅದು ನನ್ನ ಪದ್ಯ. ಆಕಿದೇನೂ ತಪ್ಪಿಲ್ಲ. ಕಚೇರ್ಯಾಗ ನನ್ನ ಸಹಿ ಮಾಡಿದ ಕಾಗದ ಐತ್ರಿ."

ಹೊಸ ಹಾಳೆಯನ್ನು ಜೇಬಿಗೆ ತುರುಕಿ, ಹಳೆಯ ಪದ್ಯವನ್ನೇ ಮೊದಲಿನಿಂದ ಹೇಳಿದರು. ಗೋ ಬ್ಯಾಕ್ ಬಂದಾಗ ಧ್ವನಿ ಒಡೆಯಿತು, ಆದರೂ ನುಂಗಲಿಲ್ಲ. ಸಾಹೇಬರು ಕೇಳಿಸಿಕೊಂಡು, "ಎ ಗುಡ್ ರೈಮ್," ಎಂದು ನಕ್ಕರು. ಅವರು ನಕ್ಕದ್ದರಿಂದ ಮಾಮಲೇದಾರರು ನಕ್ಕರು, ಫೌಜದಾರನಿಗೂ ನಗಬೇಕಾಯಿತು. ಅತ್ತಿಯನ್ನು ಬಿಟ್ಟರು.

ತಿಂಗಳೊಳಗೆ ಟಪಾಲಿನವನು ಬಂದ. ಆ ಸಲ ಮಾಮಾ ಹಿತ್ತಲಿಗೆ ಹೋಗಲಿಲ್ಲ. ಮೂಡಲಗಿಯ ಆಚೆ ಒಂದು ಹಳ್ಳಿಯ ಕನ್ನಡ ಸಾಲಿಗೆ ಅವರ ವರ್ಗವಾಗಿತ್ತು. ಅಲ್ಲಿ ಇಂಗ್ಲಿಷೇ ಇರಲಿಲ್ಲ. ಹದಿನಾರು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟರು. ಕಪ್ಪೆಗೆ ಹೆದರುವುದನ್ನೇನೂ ಬಿಡಲಿಲ್ಲ.

ಮಾಮಾ ತೀರಿಹೋದ ಮರುವರ್ಷ ನಾನು ಅತ್ತಿಯನ್ನು ನೋಡಲು ಹೋಗಿದ್ದೆ. ಜೋಳ ಹಸನು ಮಾಡುತ್ತ ಕೂತಿದ್ದಳು. ಮಾತಿಗೆ ಮಾತು ಬಂದು, "ಪಾಪ, ಅವತ್ತ ಆ ಮಾತಿನ ಅರ್ಥ ನಿನಗ ಗೊತ್ತಿರಲಿಲ್ಲ," ಅಂದೆ.

"ಹುಚ್ಚಿ," ಅಂದಳು ಅತ್ತಿ. "ಇಂಗ್ಲೀಷ ಮಾಸ್ತರನ ಹೇಣ್ತಿ ನಾ. ಎರಡ ಶಬ್ದ ತಿಳಿಯೂದಿಲ್ಲೇನ? ತಮ್ಮನ ಹಂಗ ಜೈಲಿಗೆ ಹೋಗಾಕಂತ ಎರಡ ಸೀರಿ ಗಂಟ ಕಟ್ಟಿ ಇಟ್ಟ ಬಂದಿದ್ನಿ."

ಅತ್ತಿಯ ಕೈ ಜೋಳದಲ್ಲೇ ನಿಂತಿತ್ತು.

"ಅವ್ರು ಕಟ್ಟಿ ಇಳದ ಬರ್ತಾರಂತ ಮಾತ್ರ ಗೊತ್ತಿರಲಿಲ್ಲ," ಅಂದಳು.