ಮಾವ ರಕ್ತ ಕೊಟ್ಟದ್ದು

ನನ್ನ ಸೋದರಮಾವ ಈ ಭೂಮಿಯ ಮೇಲೆ ಯಾರನ್ನಾದರೂ ಪೂರ್ತಿ ನಂಬಿದ್ದುಂಟೆ? ಅತ್ತೆಯನ್ನು ಕೇಳಿದರೆ, ತಾಳಿ ಕಟ್ಟಿದ ಮೇಲೂ ಗಂಟನ್ನು ಎರಡು ಸಲ ಎಳೆದು ನೋಡಿದರು ಎನ್ನುತ್ತಾರೆ.

ಕೊಯಮತ್ತೂರಿನ ಹತ್ತಿರದ ಸೋಮನೂರಿನಲ್ಲಿ ಅವರದು ಎಂಟು ವಿದ್ಯುತ್ ಮಗ್ಗಗಳ ಶೆಡ್ಡು. ಕಡ್ಡಿಯಂತಿದ್ದ ಮಾವನಿಗೆ ಇಪ್ಪತ್ತೈದಕ್ಕೇ ಸಕ್ಕರೆ ಕಾಯಿಲೆ ಎಂದಿತು ಊರಿನ ಲ್ಯಾಬು. ಇವರು ಒಪ್ಪುತ್ತಾರೆಯೆ? ಕರುಮತ್ತಂಪಟ್ಟಿಗೆ ಹೋದರು, ಅಲ್ಲಿಂದ ಬಸ್ಸು ಹಿಡಿದು ಅನ್ನೂರಿಗೂ ಹೋದರು. ಮೂರೂ ಕಡೆ ಒಂದೇ ಉತ್ತರ.

"ನೋಡಕ್ಕಾ," ಎಂದರಂತೆ ನನ್ನ ಅಮ್ಮನಿಗೆ, "ಮೂರು ಜನಾನೂ ಒಂದೇ ತರ ಹೇಳ್ತಾರಂದ್ರೆ, ಒಂದೇ ಮಾತು ಹೇಳ್ಬೇಕೂಂತ ಫೋನಲ್ಲಿ ಪೇಸಿಕೊಂಡಿದಾರೆ."

ಅಂದಿನಿಂದ ಮಾತ್ರೆ ನುಂಗುತ್ತಾರೆ. ಮೊದಲು ಬೆಳಕಿಗೆ ಹಿಡಿದು ನೋಡಿ, ಆಮೇಲೆ.

ಹೋದ ವರ್ಷ ಅವರ ಹದಿನೈದರ ಮಗಳಿಗೂ ಅದೇ ಬಂತು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚುಮದ್ದು. ಆಗ ಕೊಯಮತ್ತೂರಿನ ಒಬ್ಬ ಡಾಕ್ಟರಮ್ಮನಿಗೆ ಅನುಮಾನ ಹುಟ್ಟಿತು. ಮಾವನಿಗೆ ಪೈಪೋಟಿ ಸಿಕ್ಕಿದ್ದು ಅದೇ ಮೊದಲು! ಮಾವನ ತಾಯಿ, ಮಾವ, ಮಗಳು, ಮೂವರೂ ತೆಳ್ಳಗೆ. ಮೂವರಿಗೂ ಎಳೆವಯಸ್ಸಿನಲ್ಲೇ ಕಾಯಿಲೆ. "ಇವಳ ಹೊಟ್ಟೆಯಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳು ಸತ್ತಿಲ್ಲ, ಸರಿಯಾಗಿ ಕೆಲಸ ಮಾಡುತ್ತಿಲ್ಲ, ಅಷ್ಟೆ ಅನ್ನಿಸುತ್ತದೆ" ಎಂದರು ತಮಿಳಿನಲ್ಲಿ.

"ಆಳುಗಳಿದ್ದೂ ಕೆಲಸ ಆಗುತ್ತಿಲ್ಲವೆಂದರೆ ಮೇಸ್ತ್ರಿಯನ್ನು ವಿಚಾರಿಸಬೇಕು" ಎಂದರು ಮಾವ, ಅವರೂ ತಮಿಳಿನಲ್ಲೇ.

"ಆ ಮೇಸ್ತ್ರಿಯೇ ಜೀನು. ಅದನ್ನು ನೋಡಲು ನಿಮ್ಮಿಬ್ಬರ ರಕ್ತ ಬೇಕು."

ಮಾವ ಜೊತೆಗೆ ಬಂದಿದ್ದ ನನ್ನ ಕಿವಿಯ ಬಳಿ ಬಾಗಿದರು. "ಕಾಯ್ಲೆ ಅವಳ್ದು, ರತ್ತ ನಂದು ಎದಕ್ಕೆ? ಇದ್ರಲ್ಲಿ ಏನೋ ಇದೆ."

ಎರಡು ತಿಂಗಳು ಕೊಡಲೇ ಇಲ್ಲ. ಒಂದು ಬೆಳಿಗ್ಗೆ, ಚುಚ್ಚಿ ಚುಚ್ಚಿ ಗಟ್ಟಿಯಾದ ಹೊಟ್ಟೆಯಲ್ಲಿ ಮಗಳು ಮೆತ್ತನೆಯ ಜಾಗ ಹುಡುಕುತ್ತಿದ್ದುದನ್ನು ಕಂಡವರೇ ಚಪ್ಪಲಿ ಮೆಟ್ಟಿದರು. ರಕ್ತದ ಟ್ಯೂಬಿಗೆ ತಮ್ಮ ಹೆಸರು ಅಂಟಿಸುವವರೆಗೂ ನರ್ಸಿನ ಬೆನ್ನ ಹಿಂದೆಯೇ ನಿಂತಿದ್ದರು.

ಫಲಿತಾಂಶ ಬಂತು. ಮಗಳ ಜೀನಿನಲ್ಲಿ ಒಂದು ದೋಷ. ಅದು ಮಾವನಲ್ಲೂ ಇತ್ತು, ಅವರಿಂದಲೇ ಅವಳಿಗೆ ಬಂದಿತ್ತು. ಊರನ್ನೆಲ್ಲ ಶಂಕಿಸಿದ ಮನುಷ್ಯ ತನ್ನನ್ನು ಮಾತ್ರ ಶಂಕಿಸಿರಲಿಲ್ಲ. "ನಾನೇ ಕೊಟ್ಟಿದ್ದಾ, ಅಮ್ಮಣಿ?" ಎಂದು ಮಗಳನ್ನು ಕೇಳಿ ತಲೆ ತಗ್ಗಿಸಿದರು.

ಈ ಬಗೆಯ ಸಕ್ಕರೆ ಕಾಯಿಲೆಗೆ ಮಾತ್ರೆಯೇ ಸಾಕಾಗಬಹುದು, ಚುಚ್ಚುಮದ್ದನ್ನು ಮೆಲ್ಲಗೆ ಕಡಿಮೆ ಮಾಡೋಣ ಎಂದರು ಡಾಕ್ಟರಮ್ಮ. ಕೆಲವು ವಾರಗಳಲ್ಲಿ ಅದು ನಿಂತೂ ಹೋಯಿತು. ಮಾವನ ಮುಖ ಮಾತ್ರ ಮೇಲೇಳಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಗಳೇ ಹೇಳಿದಳು:

"ಅಪ್ಪಾ, ನಿಮ್ಮ ಹತ್ರದಿಂದ ಬಂದಿದ್ದಕ್ಕೇ ನಂಗೆ ಊಸಿ ಚುಚ್ಕೊಳ್ಳೋದು ತಪ್ಪಿದ್ದು. ಬೇರೆ ತರದ್ದಾಗಿದ್ರೆ ಆಯುಸ್ಸೆಲ್ಲ ಚುಚ್ಕೋಬೇಕಿತ್ತು."

ಮಾವ ಎಡಗೈಯನ್ನು ಅವಳ ತಲೆಯ ಮೇಲಿಟ್ಟರು. ಅನ್ನ ಆರಿಹೋದರೂ ಆ ಕೈ ತೆಗೆಯಲಿಲ್ಲ.