ಫಲಕದ ಬುಡಕ್ಕೆ ಹನಿ ನೀರು

ಬೇರು ನೀರಿರುವ ಕಡೆಗೆ ಬೆಳೆಯುತ್ತದೆ. ತಾಳೆ ಜಾತಿಯ ಬೆಳೆಗಳ ಬೇರು ಅಭಿವೃದ್ಧಿ ಮಂಡಳಿಯು ಈ ಸತ್ಯವನ್ನು ಯಲಹಂಕದ ಕಚೇರಿಯಲ್ಲಿ ನಡೆದ ತನ್ನ ಮೊದಲ ಸಭೆಯಲ್ಲೇ ಅವಿರೋಧವಾಗಿ ಅಂಗೀಕರಿಸಿತು. ತೆಂಗು ಬೆಳೆಯುವವರನ್ನು ಸಭೆಗೆ ಕರೆದಿರಲಿಲ್ಲ. ಕರೆದಿದ್ದರೂ ಅವರು ವಿರೋಧಿಸುತ್ತಿರಲಿಲ್ಲ.

ಪ್ರಯೋಗಕ್ಕೆ ಆಯ್ಕೆಯಾದದ್ದು ಸೋಲದೇವನಹಳ್ಳಿಯ ಅಂಜಿನಮ್ಮನ ತೆಂಗಿನಮರ. ಸುತ್ತ ಕಾಲೇಜುಗಳೂ ಪಿ.ಜಿ.ಗಳೂ ಎದ್ದ ಮೇಲೆ ಅವಳ ಹಿತ್ತಿಲಲ್ಲಿ ಉಳಿದಿದ್ದದ್ದು ಆ ಒಂದೇ ಮರವಾದ್ದರಿಂದ ಆಯ್ಕೆಯಲ್ಲಿ ಪಕ್ಷಪಾತಕ್ಕೆ ಆಸ್ಪದವಿರಲಿಲ್ಲ. ಮರಕ್ಕೂ ರಸ್ತೆಗೂ ನಡುವೆ ಅವಳ ಶೀಟಿನ ಅಡುಗೆಮನೆ. ಅದರ ಗೋಡೆಯ ಪಕ್ಕ, ಬಸ್ಸಿನಲ್ಲಿ ಹೋಗುವವರಿಗೂ ಕಾಣುವಂತೆ, ಮಂಡಳಿ ಒಂದು ಕಬ್ಬಿಣದ ಫಲಕ ನೆಟ್ಟು ಸಿಮೆಂಟು ಹಾಕಿಸಿತು. "ಹನಿ ನೀರಾವರಿಯಿಂದ ತೆಂಗಿನ ಬೇರು ಬೆಳವಣಿಗೆ. ಫಲಾನುಭವಿ: ಶ್ರೀಮತಿ ಅಂಜಿನಮ್ಮ." ಹೆಸರು ದೊಡ್ಡ ಅಕ್ಷರದಲ್ಲಿತ್ತು. ಎದುರು ಮನೆಯ ಅವಳ ಓರಗಿತ್ತಿ ನೀಲಕ್ಕನಿಗೆ ಅಂಥ ಫಲಕ ಇರಲಿಲ್ಲ.

ಕ್ಷೇತ್ರಾಧಿಕಾರಿ ನಿರಂಜನ್ ಮೊದಲು ಪುಸ್ತಕದಲ್ಲಿದ್ದಂತೆ ಮರದ ಸುತ್ತ ಒಂದು ಮಾರು ದೂರದಲ್ಲಿ ಬಳೆಯ ಹಾಗೆ ಪೈಪು ಹಾಕಿದ. ಪಕ್ಕದ ಮನೆಯವಳಾದ ನಾನು ಸಾಕ್ಷಿಯಾಗಿ ನಿಂತಿದ್ದೆ. ಆದರೆ ಹನಿಯೂ ಫಲಕವೂ ಒಂದೇ ಚಿತ್ರದಲ್ಲಿ ಕಾಣತಕ್ಕದ್ದು ಎಂಬುದು ಮಂಡಳಿಯ ನಿಯಮ. ನಡುವೆ ಅಡುಗೆಮನೆ ಅಡ್ಡವಿದ್ದುದರಿಂದ ಅವನು ತೆಗೆದು ಕಳಿಸಿದ ಚಿತ್ರ ಯಲಹಂಕದಿಂದ ತಿರಸ್ಕೃತವಾಗಿ ಬಂತು. ಹಿಂದೆಯೇ ಅಧ್ಯಕ್ಷ ಸೋಮನಾಥರ ಫೋನು. ಅವರು ನಮ್ಮ ಗದಗಿನ ಕಡೆಯವರು.

"ಬೋರ್ಡ್ ಕಂಡ್ರ ಹನಿ ಕಾಣವಲ್ದು, ಹನಿ ಕಂಡ್ರ ಬೋರ್ಡ್ ಕಾಣವಲ್ದು. ಇದನ್ನ ಹೆಂಗ್ರೀ ಮ್ಯಾಲೆ ಕಳಸೋದು?"

"ಸರ್, ಬೋರ್ಡನ್ನ ಮರದ ಹತ್ರ ಹಾಕ್ಬಿಡೋಣ್ವಾ?"

"ಸಿಮೆಂಟ್ ಹಾಕೇವಿ ತಮ್ಮಾ. ಬೋರ್ಡ್ ಸ್ಥಿರಾಸ್ತಿ. ಪೈಪು ಚರಾಸ್ತಿ."

ಚರಾಸ್ತಿಯನ್ನು ಅಂದೇ ಸ್ಥಿರಾಸ್ತಿಯ ಬುಡಕ್ಕೆ ಒಯ್ಯಲಾಯಿತು. ಅಂಜಿನಮ್ಮ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಏನಪ್ಪಾ ನಿರಂಜನ, ಮರ ಅಲ್ಲೈತೆ, ನೀರ್ ಇಲ್ಲಿ ಬಿಡ್ತಿದ್ದೀಯ?"

"ನೀರಿರೋ ಕಡೆ ಬೇರು ಬರುತ್ತೆ ಅಜ್ಜಿ. ಸಭೇಲಿ ಪಾಸಾಗಿದೆ."

"ಮರಕ್ಕೆ ಏಳಿದ್ದೀರಾ?"

ಮರಕ್ಕೆ ತಿಳಿಸುವ ಹೊಣೆ ಯಾವ ವಿಭಾಗದ್ದೆಂದು ಇತ್ಯರ್ಥವಾಗಿರಲಿಲ್ಲ. ಅಂಜಿನಮ್ಮ ಅಕ್ಕಿ ತೊಳೆದ ನೀರನ್ನು ಮೊದಲಿನಿಂದಲೂ ಮರದ ಬುಡಕ್ಕೆ ಚೆಲ್ಲುತ್ತಿದ್ದಳು. ಫಲಿತಾಂಶ ಕಲಬೆರಕೆಯಾಗುತ್ತದೆಂದು ಅದನ್ನು ನಿಲ್ಲಿಸಲಾಯಿತು.

ಮರ ಮಂಡಳಿಯ ನಿರೀಕ್ಷೆಯನ್ನು ಹುಸಿ ಮಾಡಲಿಲ್ಲ. ಉಳಿದ ಮೂರು ಕಡೆಯ ಬೇರುಗಳು ಒಣಗಿದವು. ಫಲಕದ ಕಡೆಯವು ಮಾತ್ರ ನೀರು ಹುಡುಕುತ್ತ ಬಂದು ಕಂಬವನ್ನು ಜಡೆ ಹೆಣೆದ ಹಾಗೆ ಸುತ್ತಿಕೊಂಡವು. ಅಗೆದು ನೋಡಿದ ಮಂಡಳಿಯ ಸಮಿತಿ ಚಪ್ಪಾಳೆ ತಟ್ಟಿತು. ಮರವೂ ಬೇರಿನ ಹಿಂದೆಯೇ ಹೊರಟಂತೆ ಫಲಕದ ಕಡೆಗೆ, ಅಂದರೆ ಅಡುಗೆಮನೆಯ ಕಡೆಗೆ, ವಾಲತೊಡಗಿತು.

"ಅಕ್ಕಾ, ನಿನ್ ಮರ ಬಗ್ಗಿ ಬಗ್ಗಿ ಇವತ್ತೇನ್ ಸಾರು ಅಂತ ನೋಡ್ತದೆ ಕಣೇ" ಎಂದಳು ನೀಲಕ್ಕ, ಗೇಟಿನಿಂದಲೇ.

"ನೋಡ್ಲಿ ಬುಡು. ನಿನ್ ಮನೆ ಮುಂದೆ ಬೋರ್ಡ್ ಐತಾ?"

ಹಾಗೆಂದರೂ ಅವಳಿಗೆ ಒಲೆಯ ಮುಂದೆ ಕೂತರೆ ಮೇಲೆಯೇ ಕಣ್ಣು. ಸಾರು ಎರಡು ಸಲ ತಳ ಹಿಡಿಯಿತು. ಕಡೆಗೆ ನನ್ನನ್ನೂ ಕರೆದುಕೊಂಡು ಯಲಹಂಕದ ಬಸ್ಸು ಹತ್ತಿದಳು.

"ಸಾಮಿ, ಆ ಪೈಪು ಮರದ ಸುತ್ತ ಆಕ್ಸಿ. ಇಲ್ದಿದ್ರೆ ನನ್ ಅಡ್ಗೆಮನೆ ಓಯ್ತದೆ."

"ಹಾಕಸ್ತೀನಿ ಯವ್ವಾ" ಎಂದರು ಸೋಮನಾಥರು, ಚಹಾ ತರಿಸುತ್ತ. "ಆದ್ರ ಪ್ರಯೋಗ ರದ್ದಾಗತೈತಿ. ಬೋರ್ಡ್ ಕಿತ್ತುಕೊಂಡು ಬರಬೇಕಾಗತೈತಿ."

"ಬೋರ್ಡಾ?" ಅಂಜಿನಮ್ಮ ಲೋಟ ಕೆಳಗಿಟ್ಟಳು. "ಅದ್ರಾಗೆ ನನ್ ಎಸ್ರೈತಲ್ಲ."

ಆಕೆ ಕಿಟಕಿಯ ಆಚೆ ನೋಡಿದಳು. ನೀಲಕ್ಕನ ಮುಖ ಕಾಣುತ್ತಿತ್ತೋ ಏನೋ. ಆಮೇಲೆ, "ಬೋರ್ಡ್ ಇರ್ಲಿ" ಎಂದಳು.

ಮಂಡಳಿ ತುರ್ತುಸಭೆ ಸೇರಿತು. ಫಲಕ ಸ್ಥಿರ, ಪೈಪಿನ ಜಾಗ ಅನುಮೋದಿತ, ಮರ ಪ್ರಯೋಗಾಧೀನ. ಯೋಜನೆಯ ಹೊರಗಿದ್ದದ್ದು ಅಡುಗೆಮನೆ ಒಂದೇ. ಅದರ ಬಾಗಿಲಿಗೆ ಪ್ರಕಟಣೆ ಅಂಟಿತು: "ಈ ಸ್ಥಳದಲ್ಲಿ ತೆಂಗಿನಮರ ಬೀಳುವ ಸಂಭವ ಇರುವುದರಿಂದ ಅಡುಗೆ ಮಾಡುವುದನ್ನು ನಿಷೇಧಿಸಲಾಗಿದೆ. ಊಟ ಮಾಡಲು ಅಭ್ಯಂತರವಿಲ್ಲ."

ಅಂಜಿನಮ್ಮ ಒಲೆಯನ್ನು ಜಗಲಿಗೆ ತಂದುಕೊಂಡಳು. ಆಷಾಢದ ಗಾಳಿಗೆ ಮರ ಉರುಳಿತು. ಫಲಕಕ್ಕೆ ಗೀರೂ ಬೀಳದಂತೆ ಒಂದು ಮೊಳ ಪಕ್ಕಕ್ಕೆ ಸರಿದು ಅಡುಗೆಮನೆಯನ್ನು ನೆಲಸಮ ಮಾಡಿತು. ಪ್ರಕಟಣೆ ನಿಜವಾದದ್ದಕ್ಕೆ ಮಂಡಳಿಯಲ್ಲಿ ಪರಸ್ಪರ ಅಭಿನಂದನೆಗಳಾದವು.

ಸೋಮನಾಥರು ಸ್ವತಃ ಬಂದು ಕಂಬ ಅಲ್ಲಾಡಿಸಿ ನೋಡಿದರು. ಅಲ್ಲಾಡಲಿಲ್ಲ.

"ನೋಡ್ರಿ, ಏನ್ ಹಿಡಕೊಂಡಾವ ಬೇರು!"

"ಸರ್, ಮರ?" ಎಂದ ನಿರಂಜನ್, ಸಣ್ಣ ದನಿಯಲ್ಲಿ.

"ಮರ ನಮ್ಮ ವ್ಯಾಪ್ತಿಗೆ ಬರಂಗಿಲ್ಲೋ. ನಮ್ದು ಬೇರಷ್ಟ."

ಪ್ರಯೋಗ ಯಶಸ್ವಿ ಎಂದು ಘೋಷಣೆಯಾಯಿತು. ಮರ ಬಿದ್ದದ್ದರಿಂದ ಬೇರುಗಳನ್ನು ಅಗೆಯದೆಯೇ ವೀಕ್ಷಿಸುವ ಸೌಲಭ್ಯವೂ ಒದಗಿತು. ಹೆಸರಘಟ್ಟ ರಸ್ತೆಯ ಕಾಲೇಜಿನ ಹುಡುಗರು ಬಂದು ನೋಡಿ ಹೋದರು. ಈಗಲೂ ಬೆಳಗಿನ ಹೊತ್ತು ಫಲಕದ ಬುಡಕ್ಕೆ ತಪ್ಪದೆ ಹನಿ ಬೀಳುತ್ತದೆ. ಅಂಜಿನಮ್ಮ ಫಲಕದ ಕಂಬಕ್ಕೆ ಹಗ್ಗ ಕಟ್ಟಿ ಸೀರೆ ಒಣಹಾಕುತ್ತಾಳೆ. ಚಟ್ನಿಗೆ ಕಾಯಿಯನ್ನು ಅಂಗಡಿಯಿಂದ ತರುತ್ತಾಳೆ.

ಇಷ್ಟಾದ ಮೇಲೆ ನೀಲಕ್ಕನೂ ಫಲಕಕ್ಕೆ ಅರ್ಜಿ ಹಾಕಿದಳು. ಅವಳಲ್ಲಿ ತೆಂಗಿನಮರವೇ ಇರಲಿಲ್ಲ. ಮರವಿಲ್ಲದವರಲ್ಲಿ ಮರ ಬೀಳುವ ಅಪಾಯ ಕಡಿಮೆಯೆಂದು ಮಂಡಳಿ ಅವಳಿಗೆ ಆದ್ಯತೆಯ ಮೇಲೆ ಮಂಜೂರು ಮಾಡಿತು.

ಸಿಮೆಂಟು ಕಲಸುವ ದಿನ ಅಂಜಿನಮ್ಮ ರಸ್ತೆ ದಾಟಿ ಹೋಗಿ ಹೇಳಿದಳು: "ಮೊದ್ಲು ಒಲೆ ಎತ್ತಿ ಆಚೆ ಇಕ್ಕು ಕಣೇ."

"ನಂಗ್ ಮರಾನೇ ಇಲ್ವಲ್ಲಕ್ಕಾ?"

"ಇಲ್ದಿದ್ರೆ ಏನು? ಬೋರ್ಡ್ ಬರೋ ಮನೇಲಿ ಇಂಗೇ ಮಾಡೋದು."

ನೀಲಕ್ಕ ಒಂದು ಕ್ಷಣ ಯೋಚಿಸಿ, ಸರಿಯೆನಿಸಿ, ಒಲೆಯ ಒಂದು ಬದಿ ಹಿಡಿದಳು. ಇನ್ನೊಂದು ಬದಿಯನ್ನು ಅಂಜಿನಮ್ಮ ಹಿಡಿದಳು. ಪಾತ್ರೆಗಳನ್ನು ನಾನು ತಂದೆ.