ಸಿಂಹಾಸನಕ್ಕಾಗಿ ಒಪ್ಪತ್ತು

ಆಟ ಮುಗಿದ ದಿನ ಸರಿತಾ ಹೋಳಿಗೆ ಮಾಡಿದ್ದಳು. ಅವಳ ಗಂಡ ಭರತೇಶ ಮಗದುಮ್ಮ ಇಡೀ ಬೇಸಿಗೆ ಕಂಪ್ಯೂಟರಿನ ಮುಂದೆ ಕೂತು, ಆಳುಗಳಿಂದ ಚಿನ್ನ ಅಗೆಸಿ, ಮರ ಕಡಿಸಿ, ಕೋಟೆ ಕಟ್ಟಿಸಿ, ಕಟ್ಟಕಡೆಯ ರಾಕ್ಷಸನನ್ನೂ ಕೆಡವಿ ಎದ್ದು ನಿಂತಿದ್ದ. ಸಂಕೇಶ್ವರದ ಪೇಟೆಯಲ್ಲಿ ಅವನದು ಭಾಂಡೆ-ಪಾತ್ರೆಗಳ ಅಂಗಡಿ. ಕಂಪ್ಯೂಟರ್ ತಂದದ್ದು ಅಂಗಡಿಯ ಲೆಕ್ಕಕ್ಕೆಂದು. ಅಂಗಡಿಯಲ್ಲಿ ಧೂಳು ಜಾಸ್ತಿ ಎಂದು ಅದು ಮನೆಗೆ ಬಂತು. ಲೆಕ್ಕ ಮಾತ್ರ ಧೂಳಿನಲ್ಲೇ ಉಳಿಯಿತು.

ಹೋಳಿಗೆ ಅರಗುವ ಮೊದಲೇ ಕೊಲ್ಲಾಪುರದಿಂದ ಷಡ್ಡಕ ರಾವಸಾಹೇಬನ ಫೋನು ಬಂತು. ಭರತೇಶ ಫೋನಿಟ್ಟು ತಿರುಗಿದಾಗ ಅವನ ಮುಖ ಸರಿತಾಳಿಗೆ ಸರಿಬರಲಿಲ್ಲ.

"ಆಟಕ್ಕ ಎಕ್ಸ್‌ಪಾನ್ಶನ್ ಪ್ಯಾಕ್ ಬಂದೈತೆಂತ" ಎಂದ.

"ಅಂದ್ರ ಏನ್ರಿ?"

"ಪುರವಣಿ ಅನ್ಕೋ. ಪರೀಕ್ಷಾದಾಗ ಹಾಳಿ ಸಾಲದಿದ್ರ ತಗೋತಾರಲ್ಲ, ಹಂಗ."

"ಬರ್ಯಾಕ ಬರೂ ಹುಡುಗೂರು ತಗೋತಾರ್ರಿ ಪುರವಣಿ."

"ಕೇಳಿಲ್ಲಿ. ದೊಡ್ಡ ರಾಕ್ಷಸ ಸತ್ತ, ಖರೆ. ಆದ್ರ ಹಿಮದ ನಾಡಿನಾಗ ಒಂದು ಸಿಂಹಾಸನ ಐತೆಂತ. ಅದರ ಮ್ಯಾಲ ಯಾರು ಕುಂದ್ರಬೇಕು ಅನ್ನೂದು..."

"ನಮ್ಮ ಅಂಗಡಿ ಗಲ್ಲಾದ ಮ್ಯಾಲ ಯಾರು ಕುಂದ್ರಬೇಕು ಅನ್ನೂದು ಮೊದಲ ನೋಡ್ರಿ."

ಕೊನೆಗೆ ಒಂದು ಒಪ್ಪಂದವಾಯಿತು. ಆಗಷ್ಟೇ ಚಾತುರ್ಮಾಸ ಕೂತಿತ್ತು. ಹೊತ್ತು ಮುಳುಗಿದ ಮೇಲೆ ಯಾರೂ ಬಾಯಿಗೆ ಏನೂ ಹಾಕಬಾರದೆಂಬುದು ಭರತೇಶನ ತಾಯಿ ಜಿನ್ನವ್ವನ ಕಟ್ಟಪ್ಪಣೆ. ಭರತೇಶ ಮಾತ್ರ ಅಂಗಡಿ ಮುಚ್ಚಿ ತಡವಾಗಿ ಬಂದು, ಅಡುಗೆಮನೆಯ ಬಾಗಿಲ ಹಿಂದೆ ಕಳ್ಳಬೆಕ್ಕಿನಂತೆ ಉಣ್ಣುತ್ತಿದ್ದ. ಪುರವಣಿ ತರುವುದಾದರೆ ಅವನೂ ನೇಮ ಹಿಡಿಯಬೇಕು ಎಂದಳು ಸರಿತಾ. ಭರತೇಶ ತಾಯಿಯ ಪಾದ ಮುಟ್ಟಿ ಆಣೆ ಮಾಡಿದ. ಗಂಡ ಬೇಗ ಮನೆಗೆ ಬರುತ್ತಾನಲ್ಲ ಎಂದು ಹೆಂಡತಿಗೆ ಸಂತೋಷ. ಬೇಗ ಬಂದರೆ ಬೇಗ ಆಡಬಹುದಲ್ಲ ಎಂದು ಗಂಡನಿಗೆ ಸಂತೋಷ. ಇಂಥ ಒಮ್ಮತ ಆ ಮನೆಯಲ್ಲಿ ಮದುವೆಯಾದಾಗಿನಿಂದ ಇರಲಿಲ್ಲ.

ಪಾತೇಲಿ ಖರೀದಿಯ ನೆಪದಲ್ಲಿ ಭರತೇಶ ಕೊಲ್ಲಾಪುರಕ್ಕೆ ಹೋಗಿ ಸಿಡಿ ತಂದ. ಮರುದಿನ ಬಿಸಿಲಿರುವಾಗಲೇ ಅಂಗಡಿಯನ್ನು ಆಳು ಮಾಳಪ್ಪನಿಗೆ ಒಪ್ಪಿಸಿ ಬಂದು ಕೂತ.

ತೊಂದರೆ ಬಂದದ್ದು ಸೂರ್ಯನಿಂದ. ಆ ಆಟದೊಳಗೂ ಹಗಲು ರಾತ್ರಿಗಳಿದ್ದವು; ಪರದೆಯ ಮೇಲ್ಭಾಗದಲ್ಲಿ ಪುಟ್ಟದೊಂದು ಸೂರ್ಯ ಹೊತ್ತು ತೋರಿಸುತ್ತಿತ್ತು.

"ಏನ್ರಿ, ತಾಟ ಹಾಕೇನಿ. ಹೊತ್ತು ಮುಳಗಾಕತ್ತೈತಿ" ಎಂದು ಸರಿತಾ ಕೂಗಿದಳು.

ಭರತೇಶ ಪರದೆ ನೋಡಿ, "ಇನ್ನೂ ನಡು ಮಧ್ಯಾಹ್ನ ಐತಿ, ತಡಿ" ಎಂದ.

"ಅದು ನಿಮ್ಮ ರಾಕ್ಷಸರ ಸೂರ್ಯಾ. ನಮ್ಮಾಂವ ಹ್ವಾದ."

ಭರತೇಶ ಕಿಟಕಿಯಿಂದ ನೋಡಿದ. ಹಿರಣ್ಯಕೇಶಿ ಹೊಳೆಯ ಆಚೆ ಬರೀ ಕೆಂಪು ಉಳಿದಿತ್ತು. ತಾಟು ಒಳಗೆ ಹೋಯಿತು. ಸಾವಿರಾರು ಸೈನಿಕರಿಗೆ ಅನ್ನ ಒದಗಿಸಿದ ಆ ಮಹಾರಾಜ ಬರಿಹೊಟ್ಟೆಯಲ್ಲಿ ಮಲಗಿದ.

ಮರುದಿನ ಅವನು ತಾಟನ್ನು ಕಂಪ್ಯೂಟರಿನ ಪಕ್ಕಕ್ಕೇ ತರಿಸಿಕೊಂಡ. ಬಲಗೈಯಲ್ಲಿ ರೊಟ್ಟಿ, ಎಡಗೈಯಲ್ಲಿ ಮೌಸು. ಮೊದಲ ತುತ್ತಿಗೇ ಅವನ ಸೈನ್ಯ ತನ್ನ ಕೋಟೆಯ ಮೇಲೇ ತಾನು ಏರಿಹೋಯಿತು. ಅದನ್ನು ಬಿಡಿಸುವಷ್ಟರಲ್ಲಿ ಎರಡೂ ಕಡೆಯ ಸೂರ್ಯರು ಮುಳುಗಿದ್ದರು. (ಮೌಸಿನೊಳಗೆ ಹೋದ ಶೇಂಗಾ ಹಿಂಡಿಯನ್ನು ತೆಗೆಯಲು ಸರಿತಾ ತಲೆಪಿನ್ನು ಕೊಡಬೇಕಾಯಿತು.) ಆಮೇಲಿನ ದಿನಗಳದೂ ಇದೇ ಪಾಡು. ಬೆಳಿಗ್ಗೆ ಬರೀ ಚಹಾ ಕುಡಿದು ಅಂಗಡಿಗೆ ಓಡುತ್ತಿದ್ದ ಭರತೇಶನಿಗೆ ಮಧ್ಯಾಹ್ನದ ಊಟವೊಂದೇ ಗತಿಯಾಯಿತು.

ಇದನ್ನೆಲ್ಲ ಜಿನ್ನವ್ವ ಪಡಸಾಲೆಯ ಹೊರಸಿನ ಮೇಲಿಂದ ನೋಡುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿದ್ದರಿಂದ ಅವಳಿಗೆ ಕಂಡದ್ದು ಇಷ್ಟೇ: ಒಂದು ಬೆಳಕು, ಅದರ ಮುಂದೆ ಅಲುಗಾಡದೆ ಕೂತ ಮಗ.

"ಸರಿತಾ, ಭರತು ಯಾಕ ಉಣ್ಣವಲ್ಲ? ಹೊತ್ತುಗಟ್ಟಲೆ ಏನು ಮಾಡ್ತಾನ ಅಲ್ಲಿ?"

"ಏನೋ ಆಸನ ಐತೆಂತ್ರಿ ಅತ್ತಿ. ಅದರ ಸಲುವಾಗಿ ಕುಂತಾರ."

ಸರಿತಾ ಸುಳ್ಳು ಹೇಳಲಿಲ್ಲ. ಸಿಂಹವನ್ನು ಬಿಟ್ಟಳು, ಅಷ್ಟೇ.

ಜಿನ್ನವ್ವ ಮರುದಿನ ಬಸದಿಗೆ ಹೋಗಿ, ತನ್ನ ಮಗ ಸದ್ದಿಲ್ಲದೆ ಒಪ್ಪತ್ತು ಹಿಡಿದಿದ್ದಾನೆಂದು ಎಲ್ಲರ ಮುಂದೆ ಹೇಳಿ ಕಣ್ಣೀರು ಹಾಕಿದಳು. ಸಂಜೆ ಭರತೇಶ ಇನ್ನೇನು ಹಿಮದ ನಾಡಿಗೆ ಹಡಗು ಹತ್ತಬೇಕು, ಆಗ ಅಂಗಳದ ತುಂಬ ಹೆಂಗಸರು. ಎಲ್ಲರಿಗಿಂತ ಹಿರಿಯಳೊಬ್ಬಳು ಒಳಗೆ ಬಂದು ಅವನ ಕಾಲಿಗೆ ಕೈ ಹಚ್ಚಿದಳು.

"ಅಯ್ಯ, ಏನು ಮಾಡಾಕತ್ತೀರಿ ಅಜ್ಜಿ!" ಎಂದು ಭರತೇಶ ಗಾಬರಿಯಾಗಿ ಕಾಲೆಳೆದುಕೊಂಡ.

"ವ್ರತ ಹಿಡದಾವ್ರು ನೀವು. ಊರಾಗ ಯಾರಿಗೂ ಗೊತ್ತಾಗಧಂಗ ಮಾಡಾಕತ್ತೀರಿ. ಅದಕ್ಕ ಪುಣ್ಯಾ ಜಾಸ್ತಿ."

ಭರತೇಶ ಬಾಯಿ ತೆರೆದ. ಆಗ ತಾಯಿಯ ಮುಖ ಕಾಣಿಸಿತು. ತಂದೆ ಹೋದ ಮೇಲೆ ಆ ಮುಖದಲ್ಲಿ ಅಂಥ ಬೆಳಕನ್ನು ಅವನು ನೋಡಿರಲಿಲ್ಲ. ಬಾಯಿ ತಾನಾಗಿ ಮುಚ್ಚಿಕೊಂಡಿತು.

ಅಲ್ಲಿಂದ ಅವನ ಖರೆ ವ್ರತ ಸುರುವಾಯಿತು. ಹೊತ್ತು ಮುಳುಗುವ ಮುಂಚೆ ಎದ್ದು ಅಡುಗೆಮನೆಗೆ ನಡೆದರೆ ಜಿನ್ನವ್ವ ಕೋಲು ಅಡ್ಡ ಹಿಡಿದು, "ಅವನ ಮುಂದ ತಾಟ ಇಡಬ್ಯಾಡ ಸರಿತಾ, ಮನಸ್ಸು ಚಂಚಲ ಆದೀತು" ಎನ್ನುತ್ತಿದ್ದಳು. ಬಸ್ ಸ್ಟ್ಯಾಂಡಿನ ಹತ್ತಿರ ಮಿರ್ಚಿ ಭಜಿ ಕೇಳಿದರೆ ಗಾಡಿಯವನು, "ನೀವು ವ್ರತದಾಗ ಅದೀರಂತಲ್ರೀ ಸಾವಕಾರ್ರ. ನನಗ್ಯಾಕ ಪಾಪ ಸುತ್ತಾಕ್ತೀರಿ?" ಎಂದು ಸೌಟು ಎತ್ತಲಿಲ್ಲ. ಆಟವಾದರೂ ಆಡೋಣವೆಂದರೆ ಸಂಜೆಯೆಲ್ಲ ಮನೆ ತುಂಬ ಮಂದಿ. ಕಂಪ್ಯೂಟರಿಗೆ ಕಸೂತಿಯ ಹೊದಿಕೆ ಬಿತ್ತು. ಭರತೇಶ ಅದರ ಮುಂದೆ ಚಾಪೆಯ ಮೇಲೆ ಕೂತು, ಬಂದವರಿಗೆಲ್ಲ ಮೆಲ್ಲಗೆ ಕೈಮುಗಿದ. ಮಾತಾಡಲು ತ್ರಾಣವಿರಲಿಲ್ಲ. ಬಂದವರು ಅದನ್ನು ಮೌನವ್ರತ ಎಂದುಕೊಂಡರು.

ದಶಲಕ್ಷಣ ಪರ್ವ ಮುಗಿದ ದಿನ ಬಸದಿಯ ಸಭಾಮಂಟಪದಲ್ಲಿ ವ್ರತ ಹಿಡಿದವರಿಗೆ ಸನ್ಮಾನ. ಭರತೇಶನಿಗೆ ಶಾಲು, ಕಾಯಿ, ಪೇಟ. ಪೇಟ ಎರಡು ಬೆರಳು ಸಡಿಲಾಗಿತ್ತು. ಮುಖ ಅಷ್ಟು ಇಳಿದಿತ್ತು. ಕಮಿಟಿಯ ಅಧ್ಯಕ್ಷರು, "ಈ ಶುಭದಿನ ನಿಮಗ ಪ್ರಿಯ ಆದದ್ದು ಏನಾರ ಒಂದು ತ್ಯಾಗ ಮಾಡ್ರಿ" ಎಂದರು. ಇದನ್ನು ಭರತೇಶ ಮೊದಲೇ ಯೋಚಿಸಿ ಇಟ್ಟಿದ್ದ. ಹಾಗಲಕಾಯಿ ಕಂಡರೆ ಅವನಿಗೆ ಹುಟ್ಟಿದಾಗಿನಿಂದ ಆಗುತ್ತಿರಲಿಲ್ಲ. ಗಂಟಲು ಸರಿಮಾಡಿಕೊಂಡು, "ಹಾ..." ಎಂದ.

"ಆ ಬೆಳಕಿನ ಡಬ್ಬಿ ಬಿಡ್ತಾನ್ರಿ ನನ್ನ ಮಗ!" ಹೆಂಗಸರ ಕಡೆಯಿಂದ ಜಿನ್ನವ್ವ ಎದ್ದು ನಿಂತಿದ್ದಳು. "ಈಗ ಅದು ಇಲ್ಲದನೂ ಆಸನ ಹಾಕಿ ಕುಂದ್ರೂ ಶಕ್ತಿ ಬಂದೈತ್ರಿ ಅವಗ!"

ಮಂಟಪ ಚಪ್ಪಾಳೆಯಿಂದ ತುಂಬಿತು. ಕಂಪ್ಯೂಟರನ್ನು ಬಸದಿಯ ಪಾಠಶಾಲೆಗೆ ದಾನವಾಗಿ ಸ್ವೀಕರಿಸಿದ್ದೇವೆಂದು ಅಧ್ಯಕ್ಷರು ಅಲ್ಲೇ ಸಾರಿದರು. ಭರತೇಶನ ಬಾಯಲ್ಲಿ "ಗಲಕಾಯಿ" ಹಾಗೇ ಉಳಿಯಿತು.

ಮನೆಗೆ ಹೋಗುವ ದಾರಿಯಲ್ಲಿ ಜಿನ್ನವ್ವ ಗೆಳತಿಯರೊಂದಿಗೆ ಮುಂದೆ ನಡೆದಿದ್ದಳು. ಭರತೇಶ ಹೆಂಡತಿಯ ಬಾಜೂ ಬಂದು, ಶಾಲಿನೊಳಗಿಂದಲೇ ಹಲ್ಲು ಕಚ್ಚಿ ಕೇಳಿದ:

"ನಿನಗೆಲ್ಲಾ ಗೊತ್ತಿತ್ತು. ಒಂದು ಮಾತು ಹೇಳಿದ್ರ ಮುಗೀತಿತ್ತು. ಯಾಕ ಸುಮ್ನ ಕುಂತಿ?"

ಸರಿತಾ ಹೊಸ ಸೀರೆಯ ಸೆರಗು ಸರಿಪಡಿಸಿಕೊಂಡಳು.

"ನೋಡ್ರಿ, ಇಷ್ಟು ವರ್ಷ ನಾ ಬಸದ್ಯಾಗ ಕಂಬದ ಹಿಂದ ಕುಂದರ್ತಿದ್ನಿ. ಈ ವರ್ಷ ವ್ರತದಾವ್ರ ಹೆಂಡತಿ ಅಂತ ಕರದು ಎರಡನೇ ಸಾಲಿನಾಗ ಕುರ್ಚಿ ಕೊಟ್ರು."

"ಅಷ್ಟಕ್ಕ?"

"ಫ್ಯಾನ್ ಇರೂದು ಒಂದನೇ ಸಾಲಿನಾಗ್ರಿ" ಎಂದಳು ಸರಿತಾ. "ಅದು ಪೂರ್ತಿ ಉಪವಾಸ ಮಾಡಿದಾವ್ರ ಹೆಂಡಂದಿರಿಗೆಂತ. ಮುಂದಿನ ವರ್ಷಕ್ಕ ನಿಮ್ಮ ಹೆಸರು ಬರಸಿ ಬಂದೇನಿ."